ಧಾತು ಸಂವತ್ಸರದ ತೊಲೆ

ಮೊದಲ ದಿನ, ಗುರುವಾರ

ಸಾಗರದ ಸ್ಟೇಷನ್ನಿನಲ್ಲಿ ಇಳಿದಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಬೆಂಗಳೂರಿನ ಸ್ವೆಟರ್ ಮಲೆನಾಡಿನ ಡಿಸೆಂಬರ್ ಚಳಿಗೆ ಸಾಲಲಿಲ್ಲ. ಹೋಟೆಲೊಂದರಲ್ಲಿ ಎರಡು ಬನ್ಸ್ ತಿಂದು, ಕಾಫಿ ಲೋಟಕ್ಕೆ ಕೈ ಕಾಯಿಸಿಕೊಂಡು, ಹೊಸನಗರದ ಬಸ್ಸು ಹತ್ತಿದೆ.

ಒಂದು ವಾರದ ಹಿಂದೆ ಮಾವ ಫೋನು ಮಾಡಿದ್ದರು. ಅಜ್ಜನ ಮನೆಯ ಜಗುಲಿಯ ಮಾಡಿಗೆ ಗೆದ್ದಲು ಹಿಡಿದಿದೆ. ಸಂಕ್ರಾಂತಿಯೊಳಗೆ ಬಿಚ್ಚಿ ಹೊಸ ಪಕಾಸು, ರೀಪು ಹಾಕಿಸಬೇಕು, ಮುಂದಿನ ವಾರ ಆಚಾರಿ ಬರುತ್ತಾನೆ ಅಂದರು. "ಅಕ್ಷರ ಇರೋ ತೊಲೆನೂ ತೆಗೀಬೇಕಾಗ್ತೇನೋ" ಅಂದಾಗ ನಾನು ರಜೆ ಹಾಕಿ ಹೊರಟುಬಿಟ್ಟೆ. ಆ ತೊಲೆಯ ಕೆಳಗೆ ಆಡಿ ಬೆಳೆದವಳು ನಾನು. ಅದರಲ್ಲಿ ಏನು ಬರೆದಿದೆ ಅಂತ ಒಂದು ದಿನವೂ ಓದಿರಲಿಲ್ಲ.

ಬಸ್ಸಿನಲ್ಲಿ ಪಕ್ಕ ಕೂತವರು ಬಟ್ಟೆಮಲ್ಲಪ್ಪದ ಕಡೆಯ ಕೃಷಿಕರು. ಮೊದಲ ಹತ್ತು ನಿಮಿಷ ಎಲೆಚುಕ್ಕಿ ರೋಗದ ಮಾತು. ಈ ವರ್ಷ ಅಡಿಕೆ ಮರದ ತಲೆಯೇ ಕೆಂಪಾಗಿದೆ ಅಂತ ಕಿಟಕಿಯಿಂದ ತೋಟಗಳನ್ನು ತೋರಿಸುತ್ತಾ ಹೋದರು. ಆಮೇಲೆ ನಾನು ಬಂದ ಕಾರಣ ಕೇಳಿದರು. "ನಮ್ದೂ ಹಂಗೇ ಇತ್ತು. ಹೋದ್ವರ್ಷ ಕೆಡವಿ ಆರ್‌ಸಿಸಿ ಹಾಕಿದ್ವಿ. ರೆಸಾರ್ಟಿನವ್ರು ಬಾಗ್ಲಿಗೆ ಒಳ್ಳೆ ರೇಟು ಕೊಡ್ತೀನಿ ಅಂದ್ರು. ಕೊಡ್ಲಿಲ್ಲ. ಕೊಟ್ಟಿಗೇಲಿ ಇಟ್ಟಿದೀನಿ" ಅಂದರು. ಇಳಿಯುವ ಮುಂಚೆ ಮತ್ತೆ ತಿರುಗಿ, "ನೋಡ್ಬೇಕು ಅನ್ಸಿದ್ರೆ ಬನ್ನಿ" ಅಂದರು.

ಮನೆಗೆ ಹೋಗುವ ಕೊನೆಯ ಒಂದು ಮೈಲಿ ಇನ್ನೂ ಮಣ್ಣಿನ ದಾರಿಯೇ. ಮಾವ ಬೈಕು ತಂದಿದ್ದರು. ಇಬ್ಬನಿ ಕರಗಿ ಮರದ ಎಲೆಗಳಿಂದ ಹನಿ ಉದುರುತ್ತಿತ್ತು. ಅಂಗಳಕ್ಕೆ ಕಾಲಿಟ್ಟ ಕೂಡಲೇ ಬೇಯುವ ಅಡಿಕೆಯ ಒಗರು ವಾಸನೆ. ಕೊಯ್ಲಿನ ಕಾಲ. ಹಂಡೆಯಲ್ಲಿ ಚೊಗರು ಕುದಿಯುತ್ತಿತ್ತು, ಚಪ್ಪರದ ಮೇಲೆ ಕೆಂಪಡಿಕೆ ಹರವಿತ್ತು.

"ಬಂದ್ಯನೇ ಕೂಸೆ? ಮೊದ್ಲು ಕಷಾಯ ಕುಡಿ, ಚಳಿ ಜೋರಿದ್ದು" ಅಂದರು ಅತ್ತೆ. ಕಷಾಯದ ಹಿಂದೆಯೇ ತೆಳ್ಳೇವು, ಜೋನಿಬೆಲ್ಲ, ಮೇಲೊಂದಿಷ್ಟು ತುಪ್ಪ. ಎಂಟು ತಿಂದೆ.

ಊಟದ ಹೊತ್ತಿಗೆ ಮುಂಚೆ ಏಣಿ ಹಾಕಿಕೊಂಡು ತೊಲೆ ನೋಡಿದೆ. ಹಲಸಿನ ಮರದ ತೊಲೆ, ಹೊಗೆ ಕುಡಿದು ಕಪ್ಪಾಗಿದೆ. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದೆ. ಹಳೆಯ ಕೆತ್ತನೆ ಓದಲು ಇದೇ ಸರಿ, ಅಕ್ಷರದ ಅಂಚಿನ ನೆರಳು ಎದ್ದು ಕಾಣುತ್ತದೆ. "ಧಾತು ಸಂ|| ಮಾಘ ಶು|| 5" ಅಂತ ಕನ್ನಡ ಅಂಕಿಯಲ್ಲೇ ಇತ್ತು. ಮುಂದಿನದು ವಾರದ ಹೆಸರಿರಬೇಕು, ಗೆದ್ದಲು ತಿಂದುಬಿಟ್ಟಿದೆ. ಶಕ ವರ್ಷ ಬರೆದೇ ಇಲ್ಲ.

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಧಾತು ಅಂದರೆ 1816 ಆಗಬಹುದು, 1876 ಆಗಬಹುದು, 1936 ಆಗಬಹುದು. ಯಾವ ಸುತ್ತಿನ ಧಾತು? ವಾರ ಉಳಿದಿದ್ದರೆ ಹಳೆಯ ಪಂಚಾಂಗ ನೋಡಿ ಹೇಳಬಹುದಿತ್ತು.

"ಇನ್ನೂರು ವರ್ಷದ ಮನೆ ಹೇಳಿ ಅಪ್ಪಯ್ಯ ಹೇಳ್ತಿದ್ದ. ಹಂಗಾರೆ ಲೆಕ್ಕ ಸರಿ ಆತಲೆ" ಅಂತ ಮಾವ 1816ನ್ನೇ ಹಿಡಿದರು. ಅವರ ಹತ್ತಿರ ಇನ್ನೊಂದು ಸಾಕ್ಷಿಯೂ ಇತ್ತು. ಕೊಟ್ಟಿಗೆಯ ಮೂಲೆಯಲ್ಲಿ ಜೋಡಿಸಿಟ್ಟ ಮಂಗಳೂರು ಹೆಂಚು. ಒಂದನ್ನು ತಿರುಗಿಸಿ ತೋರಿಸಿದರು. ಬೆನ್ನಿನ ಮೇಲೆ ಬಾಸೆಲ್ ಮಿಶನ್ ಹೆಸರು, 1865 ಅಂತ ಅಂಕಿ. ಈ ಅಂಕಿಯನ್ನು ಹೆಂಚು ಸುಟ್ಟ ವರ್ಷ ಅಂತ ತುಂಬ ಜನ ತಿಳಿಯುತ್ತಾರೆ. ಹಾಗಲ್ಲ. ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಎಷ್ಟೋ ವರ್ಷ ಆಮೇಲಿನ ಹೆಂಚಿನ ಮೇಲೂ ಅದೇ ಅಂಕಿ ಇರುತ್ತದೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷರು ಮಿಶನ್ನಿನ ಉದ್ಯಮಗಳನ್ನು ವಶಕ್ಕೆ ತೆಗೆದುಕೊಂಡರು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಸಂಸ್ಥೆಯ ಕೈಗೆ ಹೋದವು. ಹಾಗಾಗಿ ಆ ಹೆಸರಿನ ಹೆಂಚು ಕಂಡರೆ ಅದು ಯುದ್ಧದ ನಂತರದ್ದು ಅಂತ ಗಟ್ಟಿಯಾಗಿ ಹೇಳಬಹುದು. ನಾನು ಮೆತ್ತಿಗೆ, ಅಂದರೆ ಮೇಲಂತಸ್ತಿಗೆ, ಹತ್ತಿ, ಒಳಗಿನಿಂದ ಒಂದೊಂದೇ ಹೆಂಚು ಸರಿಸಿ ನೋಡಿದೆ. ಹನ್ನೆರಡರಲ್ಲಿ ಒಂಬತ್ತು ಕಾಮನ್‌ವೆಲ್ತ್ ಟ್ರಸ್ಟಿನವು.

ಮಾವನಿಗೆ ಹೇಳಿದೆ. "ಮಂಗ ವರ್ಷಾ ಒಡೀತು, ನಾವು ವರ್ಷಾ ಬದಲಿಸ್ತ್ಯ. ಹೆಂಚು ನೋಡಿ ಮನೆ ವಯಸ್ಸು ಹೇಳಲೆ ಬತ್ತಿಲ್ಲೆ" ಅಂದರು. ಅದೂ ನಿಜವೇ.

ರಾತ್ರಿ ಜಗುಲಿಯಲ್ಲಿ ಅಡಿಕೆ ಸುಲಿತ. ಹತ್ತು ಹನ್ನೆರಡು ಹೆಂಗಸರು ಮೆಟ್ಟುಕತ್ತಿ ಮೇಲೆ ಕೂತು ಸುಲಿಯುತ್ತಿದ್ದರು. ಟಕ್ ಟಕ್ ಸದ್ದಿನ ನಡುವೆ ನನಗೆ ಮಲಗಲು ಜಾಗ ಹುಡುಕಾಯಿತು. ಮೂಡುಗಡೆಯ ಕೋಣೆ ಖಾಲಿ ಇದೆಯಾ ಅಂತ ಕೇಳಿದೆ. "ದೊಡ್ಡಾಯಿ ಕೋಣೆಲಿ ಚೀಲ ತುಂಬಿದ್ದು" ಅಂದರು ಅತ್ತೆ. ಚಿಕ್ಕಂದಿನಿಂದಲೂ ಆ ಕೋಣೆಗೆ ಅದೇ ಹೆಸರು. ದೊಡ್ಡಾಯಿ ಅಂದರೆ ದೊಡ್ಡಮ್ಮ. ಯಾವ ದೊಡ್ಡಾಯಿ ಅಂತ ಆವತ್ತು ಮೊದಲ ಸಲ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.

ಎರಡನೆಯ ದಿನ, ಶುಕ್ರವಾರ

ಬೆಳಿಗ್ಗೆ ಹೊಸನಗರಕ್ಕೆ ಹೊರಟೆವು. ರಸ್ತೆಯ ಒಂದು ತಿರುವಿನಲ್ಲಿ ಮಂಜು ತಗ್ಗಿಗೆ ಇಳಿದು, ಮೇಲೆ ಗುಡ್ಡದ ತಲೆ ಮಾತ್ರ ಕಾಣುತ್ತಿತ್ತು. ಮಾವ ಬೈಕು ನಿಲ್ಲಿಸಿ ಒಂದು ನಿಮಿಷ ನೋಡಿದರು. ದಿನಾ ನೋಡುವವರು ಹಾಗೆ ನಿಲ್ಲಿಸಿದ್ದು ನನಗೆ ಇಷ್ಟವಾಯಿತು.

ಈ ತಾಲ್ಲೂಕಿನ ಹಳೆಯ ಕಾಗದ ಹುಡುಕುವವರು ಒಂದು ವಿಷಯ ನೆನಪಿಡಬೇಕು. ಅವುಗಳಲ್ಲಿ ತಾಲ್ಲೂಕಿನ ಹೆಸರು "ನಗರ" ಅಂತ ಇರುತ್ತದೆ. ನಗರ ಅಂದರೆ ಕೆಳದಿಯ ಅರಸರ ಕೊನೆಯ ರಾಜಧಾನಿ ಬಿದನೂರು. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ತಾಲ್ಲೂಕಿನ ಕಚೇರಿ 1893ರಲ್ಲಿ ಅಲ್ಲಿಂದ ಕಲ್ಲೂರುಕಟ್ಟೆಗೆ ಬಂತು. ಅದೇ ಹೊಸನಗರ ಆಯಿತು. ಹೊಸನಗರ ಅಂತಷ್ಟೇ ಹುಡುಕಿದರೆ ಅರ್ಧ ಕಾಗದ ಕೈತಪ್ಪುತ್ತವೆ.

ಮೊದಲು ಪಹಣಿ ತೆಗೆದುಕೊಂಡೆವು. ಅದು ಮೊಬೈಲಿನಲ್ಲೂ ಸಿಗುತ್ತದೆ. ಆದರೆ ಪಹಣಿಯಲ್ಲಿ ಮನೆ ಹುಡುಕಿದರೆ ಸಿಗುವುದಿಲ್ಲ. ನಮ್ಮ ಕಡೆ ಮನೆಗಳು ಊರೊಟ್ಟಿಗೆ ಇಲ್ಲ. ಒಂದೊಂದು ತೋಟದ ತಲೆಯಲ್ಲಿ ಒಂದೊಂದು ಮನೆ. ಗ್ರಾಮಠಾಣೆ, ಅಂದರೆ ಊರಿನ ಮನೆಗಳಿಗೆಂದೇ ಗುರುತಿಸಿದ ಜಾಗ, ಅದರೊಳಗಿನ ಮನೆಯಾದರೆ ಪಂಚಾಯ್ತಿಯ ತೆರಿಗೆ ಪುಸ್ತಕದಲ್ಲಿ ಜಾಡು ಹಿಡಿಯಬಹುದು. ನಮ್ಮಂಥ ಮನೆ ಸರ್ವೆ ನಂಬರಿನೊಳಗೇ ಇರುತ್ತದೆ. ಬಾಗಾಯ್ತು (ತೋಟ) ಇಷ್ಟು, ತರಿ (ಗದ್ದೆ) ಇಷ್ಟು ಅಂತ ಬರೆದ ಮೇಲೆ ಒಂದು ಕಡೆ "ಖರಾಬು" ಅಂತ ಕೆಲವು ಗುಂಟೆ ಕಳೆದಿರುತ್ತಾರೆ. ಬೆಳೆ ಬೆಳೆಯದ ಜಾಗ, ಕಂದಾಯ ಇಲ್ಲದ ಜಾಗ. ರೈತನ ಮನೆ, ಕಣ, ಕೊಟ್ಟಿಗೆ ಎಲ್ಲ ಅದರಲ್ಲೇ ಸೇರುತ್ತವೆ. ನಾಲ್ಕು ತಲೆಮಾರು ಹುಟ್ಟಿ, ಮದುವೆಯಾಗಿ, ಸತ್ತ ಮನೆ ಲೆಕ್ಕದಲ್ಲಿ ಆರು ಗುಂಟೆ ಖರಾಬು. ಆ ಅಂಕಿಯನ್ನು ನಾನು ಸುಮಾರು ಹೊತ್ತು ನೋಡಿದೆ.

ಆಮೇಲೆ ಹಳೆಯ ಪುಸ್ತಕಗಳು. ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್. ಈಗ ತಾಲ್ಲೂಕುಗಳ ರೆಕಾರ್ಡ್ ರೂಮಿನ ಹಳೆಯ ಕಡತಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಆದರೂ ಊರಿನ ಹೆಸರು, ಸರ್ವೆ ನಂಬರು, ಹಿಸ್ಸಾ ನಂಬರು, ಸುಮಾರು ಯಾವ ವರ್ಷ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಕೇಳುವವರಿಗೂ ಸಲೀಸು, ಹುಡುಕಿಕೊಡುವವರಿಗೂ ಸಲೀಸು. ಅಲ್ಲಿದ್ದ ಸಿಬ್ಬಂದಿ ಹಾಳೆ ನೋಡಿ, "ಇಷ್ಟು ಸರಿಯಾಗಿ ಬರ್ಕೊಂಡು ಬಂದ್ರೆ ನಮ್ಗೂ ಹುಡುಕೋಕೆ ಮನಸ್ಸು ಬರುತ್ತೆ ಮೇಡಂ" ಅಂದರು.

ಪುಟಗಳು ಒಣಗಿದ ಎಲೆಯಂತೆ. ಒಂದೊಂದನ್ನೂ ಎರಡು ಕೈಯಲ್ಲಿ ತಿರುಗಿಸಬೇಕು. ನಮ್ಮ ಸರ್ವೆ ನಂಬರಿನ ಮುಂದೆ ಮುತ್ತಜ್ಜನ ಹೆಸರು ಇರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ. ಅಲ್ಲಿದ್ದದ್ದು ಒಂದು ಹೆಣ್ಣಿನ ಹೆಸರು. ಹೆಸರಿನ ಮುಂದೆ "ಕೋಂ" ಅಂತ ಬರೆದು ಗಂಡನ ಹೆಸರು. ಹಳೆಯ ಕಾಗದಗಳಲ್ಲಿ ಮಗ ಅನ್ನುವುದಕ್ಕೆ "ಬಿನ್", ಹೆಂಡತಿ ಅನ್ನುವುದಕ್ಕೆ "ಕೋಂ". ಗಂಡನ ಹೆಸರು ಮುತ್ತಜ್ಜನ ಅಣ್ಣನದು. ಚಿಕ್ಕ ವಯಸ್ಸಿಗೇ ತೀರಿಕೊಂಡ, ಮಕ್ಕಳಿರಲಿಲ್ಲ ಅಂತಷ್ಟೇ ನಾವು ಕೇಳಿದ್ದ ಅಣ್ಣ. ಅವನಿಗೆ ಹೆಂಡತಿ ಇದ್ದಳು ಅಂತ ನಮ್ಮ ಮನೆಯ ಯಾವ ವಂಶವೃಕ್ಷದಲ್ಲೂ ಇಲ್ಲ.

"ಇದು ಯಾರೇ ಇದು?" ಅಂತ ಮಾವ ನನ್ನನ್ನೇ ಕೇಳಿದರು.

ಹಕ್ಕು ಹೇಗೆ ಬಂತು ಅನ್ನುವ ಕಡೆ "ಪಾಲುಪತ್ರದ ಮೇರೆಗೆ" ಅಂತಿತ್ತು. ಜೊತೆಗೆ ರಿಜಿಸ್ಟರ್ಡ್ ನಂಬರು, 1935ನೇ ಇಸವಿ. ಆ ನಂಬರು ಬರೆದುಕೊಂಡೆ. ಹಳೆಯ ಮನೆಯ ಜಾಡು ಹಿಡಿದು ಹೋಗುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ. ಪತ್ರದ ನಂಬರು, ವರ್ಷ ಗೊತ್ತಿದ್ದರೆ ಉಪನೋಂದಣಿ ಕಚೇರಿಯಲ್ಲಿ ಗಂಟೆಗಳ ಕೆಲಸ ನಿಮಿಷಕ್ಕಿಳಿಯುತ್ತದೆ.

ವಾಪಸ್ ಬರುವಾಗ ಮಾವ ಜಾಸ್ತಿ ಮಾತಾಡಲಿಲ್ಲ. ಊಟಕ್ಕೆ ಕೂತಾಗ, "ಅಪ್ಪಯ್ಯ ಎಂತಕ್ಕೆ ಹೇಳಿದ್ನಿಲ್ಲೆ?" ಅಂದರು. ಅತ್ತೆ ಒಂದೆಲಗದ ತಂಬುಳಿ ಬಡಿಸುತ್ತಿದ್ದರು. ಯಾರೂ ಉತ್ತರ ಕೊಡಲಿಲ್ಲ.

ಮೂರನೆಯ ದಿನ, ಶನಿವಾರ

ಬೆಳಿಗ್ಗೆ ಬೇಗ ಎದ್ದು ಉಪನೋಂದಣಿ ಕಚೇರಿಗೆ ಹೊರಟು ನಿಂತಿದ್ದೆ. ಅತ್ತೆ ಕ್ಯಾಲೆಂಡರ್ ತೋರಿಸಿದರು. ಎರಡನೇ ಶನಿವಾರ. ಸರ್ಕಾರಿ ಕಚೇರಿಗಳಿಗೆ ರಜೆ. ಐದು ದಿನದಲ್ಲಿ ಎರಡು ದಿನ ಹೀಗೆ ಹೋಯಿತು. ಇಂಥ ಕೆಲಸಕ್ಕೆ ಬರುವವರು ಸೋಮವಾರ ಬಂದು ಶುಕ್ರವಾರ ಹೊರಡುವ ಹಾಗೆ ನೋಡಿಕೊಳ್ಳಬೇಕು.

ಸುಮ್ನೆ ಕೂರುವ ಬದಲು ಮಾವನ ಬೈಕು ತೆಗೆದುಕೊಂಡು ಇಕ್ಕೇರಿ, ಕೆಳದಿಗೆ ಹೋದೆ. ಮನೆ ಇನ್ನೂರು ವರ್ಷದ್ದು ಅನ್ನುವ ಮಾತು ಇನ್ನೂ ತಲೆಯಲ್ಲಿತ್ತು.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಬೆಳಗಿನ ಬಿಸಿಲಿಗೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಒಳಗೆ ಮಂಟಪದ ನೆಲದಲ್ಲಿ ಕೆಳದಿಯ ನಾಯಕರು ಅಡ್ಡಬಿದ್ದು ನಮಸ್ಕಾರ ಮಾಡುವ ಹಾಗೆ ಕೆತ್ತಿದ್ದಾರೆ. ಅವರ ಹೆಸರನ್ನೂ ಕೆತ್ತಿದ್ದಾರೆ. ಬಂದವರ ಕಾಲಿಗೆ ಸಿಗುವ ಹಾಗೆ ತಮ್ಮ ಹೆಸರು ಇರಲಿ ಅಂತ ಬಯಸಿದವರು. ಈ ದೇವಸ್ಥಾನದ ಕಂಬಗಳ ನಡುವಿನ ಅಂತರವನ್ನೇ ತೋಟ ಅಳೆಯುವ ಅಳತೆಯಾಗಿ ಇಟ್ಟುಕೊಂಡಿದ್ದರು ಅನ್ನುವ ಮಾತಿದೆ. ಶಿವಪ್ಪನಾಯಕ 1645ರಿಂದ 1660ರವರೆಗೆ ಆಳಿದವನು. ಭೂಮಿಯ ಗುಣ, ಬೆಳೆ ನೋಡಿ ಕಂದಾಯ ಗೊತ್ತು ಮಾಡಿದ ಅವನ "ಶಿಸ್ತು" ನಮ್ಮ ಕಡೆಯವರ ಬಾಯಲ್ಲಿ ಇವತ್ತಿಗೂ ಇದೆ. ನಾನು ಎರಡು ಕಂಬಗಳ ನಡುವೆ ಹೆಜ್ಜೆ ಹಾಕಿ ನೋಡಿದೆ. ಅಡಿಕೆ ಮರದ ಸಾಲು ಕಣ್ಣಿಗೆ ಬಂತು.

ಇಕ್ಕೇರಿಯಿಂದ ಹೊರಟು ಸ್ವಲ್ಪ ದೂರಕ್ಕೆ ಹಿಂದಿನ ಟೈರು ಪಂಕ್ಚರ್. ಬಿಸಿಲಲ್ಲಿ ಬೈಕು ತಳ್ಳುತ್ತಿದ್ದೆ. ಒಂದು ಮನೆಯ ಎದುರಿಗೆ ಕುಳಿತಿದ್ದ ಹುಡುಗ ಓಡಿಬಂದು ಜೊತೆಗೆ ತಳ್ಳಿದ. ಅವನ ಅಜ್ಜ ಮಜ್ಜಿಗೆ ಕೊಟ್ಟರು. ಅವರ ಮನೆತನದಲ್ಲಿ ಹಿಂದೆ ಶಾನುಭೋಗಿಕೆ ಇತ್ತಂತೆ. ಶಾನುಭೋಗಿಕೆ ವಂಶದಿಂದ ವಂಶಕ್ಕೆ ಬರುವುದನ್ನು 1961ರ ಕಾನೂನು ನಿಲ್ಲಿಸಿತು. "ಪುಸ್ತಕ ಎಲ್ಲಾ ಕಚೇರಿಗೆ ಕೊಟ್ವಿ. ನಮ್ಮಪ್ಪನ ಅಕ್ಷರ ಮಾತ್ರ ನಂಗೆ ಈಗ್ಲೂ ಕಣ್ಣಿಗೆ ಕಟ್ಟುತ್ತೆ" ಅಂದರು. ನಾನು ಮೊಬೈಲಿನಲ್ಲಿ ತೊಲೆಯ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು.

"1876ರ ಧಾತು ಅಲ್ಲ ಅನ್ಸುತ್ತೆ ಕಣಮ್ಮ. ಧಾತು ಬರ ಕೇಳಿದೀರಲ್ಲ? ಬಯಲುಸೀಮೆ ಪೂರಾ ಹಸಿವಿನಲ್ಲಿದ್ದ ವರ್ಷ ಅದು. ಅಂಥ ವರ್ಷ ಮನೆ ಕಟ್ಟಿ ದಿನ ಬರೆಸ್ತಾರಾ?" ಅಂದರು. ಮತ್ತೆ ಸ್ವಲ್ಪ ಯೋಚಿಸಿ, "ಇದು ಸುಮ್ನೆ ನನ್ನ ಮಾತು. ಕಾಗದ ನೋಡಿ, ಕಾಗದ ಹೇಳಿದ್ದೇ ಸೈ" ಅಂದರು. 1876ರಿಂದ 1878ರವರೆಗಿನ ಆ ಬರ ಮೈಸೂರು ಸೀಮೆ ಕಂಡ ಬರಗಳಲ್ಲೇ ಭೀಕರವಾದದ್ದು. ಮಲೆನಾಡಿಗೆ ಅದರ ಬಿಸಿ ಅಷ್ಟು ತಟ್ಟಲಿಲ್ಲ. ಆದರೂ ಅವರ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು.

ಪಂಕ್ಚರ್ ಹಾಕಿಸಿ ಕೆಳದಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ರಾಮೇಶ್ವರ ದೇವಸ್ಥಾನದ ಗಂಡಭೇರುಂಡ ನೋಡಿ, ನೆರಳಲ್ಲಿ ಕೂತೆ. ಇಲ್ಲಿನ ವಸ್ತುಸಂಗ್ರಹಾಲಯ ಕೆಳದಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ್ದು. ಮನೆಮನೆಯ ಅಟ್ಟದಲ್ಲಿ ಗೆದ್ದಲಿಗೆ ಹೋಗಬೇಕಾಗಿದ್ದ ಓಲೆಗರಿ, ಕಡತಗಳನ್ನು ಕೂಡಿಸಿ ಉಳಿಸಿದವರು ಅವರು. ಕಡತ ಅಂದರೆ ಈಗ ನಮಗೆ ಆಫೀಸಿನ ಫೈಲು. ಹಿಂದೆ ಅದು ಬಟ್ಟೆ. ಹುಣಸೆಬೀಜದ ಗಂಜಿ, ಇದ್ದಿಲಪುಡಿ ಬಳಿದು ಕಪ್ಪು ಮಾಡಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ನಿಮ್ಮ ಮನೆಯ ಅಟ್ಟದಲ್ಲಿ ಅಂಥದ್ದು ಸಿಕ್ಕರೆ ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬಳಪದ ಅಕ್ಷರ ಕ್ಷಣದಲ್ಲಿ ಹೋಗಿಬಿಡುತ್ತದೆ.

ನಾಲ್ಕನೆಯ ದಿನ, ಭಾನುವಾರ

ಡಿಸೆಂಬರಿನಲ್ಲಿ ಮಳೆ ಬರಬಾರದು. ಬಂತು. ಹನ್ನೊಂದು ಗಂಟೆಗೆ ಪಡುವಣದಲ್ಲಿ ಮೋಡ ಕಟ್ಟಿತು. ಅತ್ತೆ ಒಂದೇ ಕೂಗು ಹಾಕಿದರು. ಮನೆಯಲ್ಲಿದ್ದವರೆಲ್ಲ ಚಪ್ಪರಕ್ಕೆ ಓಡಿದೆವು. ತಾಡಪಾಲು ಎಳೆದು, ಅಡಿಕೆ ಬಾಚಿ ಬುಟ್ಟಿಗೆ ತುಂಬಿ, ಒಳಗೆ ಹೊತ್ತು ಹಾಕುವಷ್ಟರಲ್ಲಿ ದೊಡ್ಡ ಹನಿ ಶುರುವಾಯಿತು. ಎರಡು ಬುಟ್ಟಿಯಷ್ಟು ನೆನೆಯಿತು. ನೆನೆದ ಅಡಿಕೆ ಬೂಸಲು ಹಿಡಿದರೆ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ದರ ಹೋಗುತ್ತದೆ. ಜಗುಲಿಯಲ್ಲಿ ಬಿಟ್ಟಿದ್ದ ನನ್ನ ನೋಟುಪುಸ್ತಕವೂ ನೆನೆಯಿತು. ಪೆನ್ಸಿಲಿನಲ್ಲಿ ಬರೆದದ್ದು ಉಳಿಯಿತು, ಇಂಕಿನದು ಕಲಸಿಹೋಯಿತು. ಪತ್ರದ ನಂಬರು ಪೆನ್ಸಿಲಿನಲ್ಲಿತ್ತು.

ಈ ಗಲಾಟೆಯಲ್ಲಿ ಸಹಾಯಕ್ಕೆ ಬಂದವರಲ್ಲಿ ಕೆಳಗಿನ ಕೇರಿಯ ಒಬ್ಬಾಕೆ ಇದ್ದರು. ಒದ್ದೆ ತಲೆ ಒರೆಸಿಕೊಳ್ಳುತ್ತಾ ನನ್ನ ಕೆಲಸದ ಬಗ್ಗೆ ಕೇಳಿ, "ನಮ್ಮಜ್ಜಿ ಹತ್ರ ಕೇಳಿ ಅಕ್ಕ. ಅವ್ರಿಗೆ ಈ ಮನೆ ಕಥೆ ಎಲ್ಲಾ ಗೊತ್ತು" ಅಂದರು. ಮೂರು ದಿನದಿಂದ ಪುಸ್ತಕ ತಿರುಗಿಸುತ್ತಿದ್ದೆ. ಅರ್ಧ ಮೈಲಿ ದೂರದ ಮನೆಗೆ ಹೋಗಿ ಕೇಳಬೇಕು ಅಂತ ಹೊಳೆದಿರಲಿಲ್ಲ.

ಮಳೆ ನಿಂತ ಮೇಲೆ ಹೋದೆ. ಗದ್ದೆಯ ಅಂಚಿನಲ್ಲಿ ಜಾರಿ ಒಂದು ಸಲ ಮೊಣಕಾಲೂರಿದೆ. ಅಜ್ಜಿ ಒಲೆಯ ಪಕ್ಕ ಕೂತಿದ್ದರು. ತೊಂಬತ್ತು ದಾಟಿದೆ. ಕಿವಿ ಸ್ವಲ್ಪ ಮಂದ, ಮಾತು ಸ್ಪಷ್ಟ. ಅವರ ಅಪ್ಪ ಅಮ್ಮ ಇಬ್ಬರೂ ನಮ್ಮ ತೋಟದಲ್ಲಿ ದುಡಿದವರು. ಮೊದಲು ನಾನು ಯಾರ ಮಗಳು ಅಂತ ವಿಚಾರಿಸಿಕೊಂಡರು. ಅಮ್ಮನ ಹೆಸರು ಹೇಳಿದ ಮೇಲೆ ನನ್ನ ಕೈ ಹಿಡಿದುಕೊಂಡರು, ಕೊನೆಯವರೆಗೂ ಬಿಡಲಿಲ್ಲ.

"ದೊಡ್ಡಮ್ಮೋರು ಕಟ್ಸಿದ್ದು ಆ ಮನೆ" ಅಂದರು, ಯಾವ ಅನುಮಾನವೂ ಇಲ್ಲದ ಹಾಗೆ. "ಮುಂಚೆ ಸೋಗೆ ಮನೆ ಇತ್ತಂತೆ. ಅದು ನಂಗೆ ನೆನಪಿಲ್ಲ. ಹೆಂಚು ಬಂದಿದ್ದು ನೆನಪೈತೆ. ಘಟ್ಟದ ಕೆಳಗಿಂದ ಎತ್ತಿನ ಗಾಡೀಲಿ ಬಂತು. ಗಾಡಿ ಗುಡ್ಡ ಹತ್ತಲ್ಲ ಅಂತ ಕೆಳಗೇ ನಿಲ್ಸಿದ್ರು. ದೊಡ್ಡೋರು ಸಣ್ಣೋರು ಎಲ್ಲಾ ಸಾಲಾಗಿ ನಿಂತ್ಕಂಡು ಕೈಯಿಂದ ಕೈಗೆ ದಾಟಿಸಿದ್ವಿ. ನಂಗೆ ಐದೋ ಆರೋ ವರ್ಷ. ಒಂದು ಹೆಂಚು ನನ್ನ ಕೈಯಿಂದ ಬಿದ್ದು ಒಡೀತು. ನಮ್ಮವ್ವ ಹೊಡ್ಯಕ್ಕೆ ಬಂದ್ರು. ದೊಡ್ಡಮ್ಮೋರು ಬಿಡ್ಲಿಲ್ಲ. ಸಂಜೆ ಎಲ್ಲಾ ಮಕ್ಳಿಗೂ ಅವಲಕ್ಕಿ ಬೆಲ್ಲ ಕೊಟ್ರು. ನಂಗೂ ಕೊಟ್ರು."

ಹೇಗಿದ್ದರು ಅಂತ ಕೇಳಿದೆ. "ತಲೆ ಬೋಳ್ಸಿತ್ತು. ಕೆಂಪು ಸೀರೆ. ಯಾರ ಎದ್ರಿಗೂ ಬರ್ತಿರ್ಲಿಲ್ಲ. ಆದ್ರೆ ಲೆಕ್ಕ ಎಲ್ಲಾ ಅವ್ರೇ ಬರೀತಿದ್ರು. ನಮ್ಮಪ್ಪನ ಕೂಲಿ ಕಿಟಕಿಯಿಂದಾನೇ ಕೇಳಿ ಬರ್ಕೊಳ್ಳೋರು. ಒಂದು ಕಾಸು ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ."

ಯಾವ ಕಿಟಕಿ ಅಂತ ಕೇಳಿದೆ. "ಮೂಡುಗಡೆದು" ಅಂದರು.

ವಾಪಸ್ ಬಂದು ಮಾವನಿಗೆ ಎಲ್ಲ ಹೇಳಿದೆ. ಒಡೆದ ಹೆಂಚಿನ ಮಾತು ಬಂದಾಗ ಅವರ ಮುಖದಲ್ಲಿ ಏನೋ ಸಡಿಲವಾಯಿತು. "ಹಂಗಾರೆ ಇನ್ನೂರು ವರ್ಷ ಸುಳ್ಳು ಆತು" ಅಂದರು. ಬೇಜಾರಾ ಅಂತ ಕೇಳಿದೆ. "ಬೇಜಾರಲ್ದೆ. ಅಪ್ಪಯ್ಯನ್ನ ಸಾಕಿದ್ದೂ ಅದೇ ಇಕ್ಕು ಅಲ್ದನೇ?" ಅಂದರು. ಅಜ್ಜ ಹನ್ನೆರಡು ವರ್ಷದವನಿದ್ದಾಗ ತಾಯಿ ತೀರಿಕೊಂಡಿದ್ದು ನಮಗೆಲ್ಲ ಗೊತ್ತಿತ್ತು. ಆಮೇಲೆ ಅವನಿಗೆ ಅನ್ನ ಹಾಕಿದವರು ಯಾರು ಅಂತ ಯಾರೂ ಕೇಳಿರಲಿಲ್ಲ.

ಐದನೆಯ ದಿನ, ಸೋಮವಾರ

ಉಪನೋಂದಣಿ ಕಚೇರಿ ತೆರೆಯುವ ಮೊದಲೇ ಬಾಗಿಲಲ್ಲಿದ್ದೆವು. ಆಸ್ತಿಯ ಮೇಲಿನ ಸಾಲ, ಮಾರಾಟದ ವಿವರ ಹೇಳುವ ಋಣಭಾರ ಪತ್ರ 2004ರ ಏಪ್ರಿಲ್‌ನಿಂದ ಈಚಿನದಾದರೆ ಕಂಪ್ಯೂಟರಿನಲ್ಲೇ ಸಿಗುತ್ತದೆ. ಹಿಂದಿನದಕ್ಕೆ ಪುಸ್ತಕವೇ ಗತಿ. ಹಳೆಯ ಪತ್ರವಾದರೆ ಆ ಕಾಲದಲ್ಲಿ ನಿಮ್ಮ ಹೋಬಳಿ ಯಾವ ಕಚೇರಿಗೆ ಸೇರಿತ್ತು ಅಂತ ಮೊದಲು ವಿಚಾರಿಸಿಕೊಳ್ಳಬೇಕು, ಇಲ್ಲದಿದ್ದರೆ ಒಂದು ದಿನ ಸುಮ್ನೆ ಹೋಗುತ್ತದೆ. ಸ್ಥಿರಾಸ್ತಿಯ ಪತ್ರಗಳೆಲ್ಲ ಒಂದನೇ ಪುಸ್ತಕದಲ್ಲಿ ಇರುತ್ತವೆ. ಹೆಸರಿನಿಂದ ಹುಡುಕಲು ಒಂದು ಸೂಚಿ, ಆಸ್ತಿಯಿಂದ ಹುಡುಕಲು ಇನ್ನೊಂದು ಸೂಚಿ. ನಮ್ಮ ಹತ್ತಿರ ನಂಬರೇ ಇತ್ತು. ಅರ್ಜಿ ಬರೆದು ಶುಲ್ಕ ಕಟ್ಟಿದೆವು.

ಮಧ್ಯಾಹ್ನದ ಹೊತ್ತಿಗೆ 1935ರ ಸಂಪುಟ ಮೇಜಿನ ಮೇಲೆ ಬಂತು. ಆಗ ಪತ್ರವನ್ನು ಪೂರ್ತಿಯಾಗಿ ಕೈಯಲ್ಲಿ ನಕಲು ಮಾಡಿ ಪುಸ್ತಕಕ್ಕೆ ಏರಿಸುತ್ತಿದ್ದರು. ಪಾಲುಪತ್ರ. ಮುತ್ತಜ್ಜ ಮತ್ತು ಅವನ ತಮ್ಮ ಒಂದು ಕಡೆ. ಇನ್ನೊಂದು ಕಡೆ, ತೀರಿಹೋದ ಅಣ್ಣನ ಹೆಂಡತಿ. 1933ರಲ್ಲಿ ಮೈಸೂರು ಸಂಸ್ಥಾನ ಒಂದು ಕಾನೂನು ತಂದಿತ್ತು, ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾನೂನು. ಅಣ್ಣತಮ್ಮಂದಿರು ಪಾಲಾಗುವಾಗ, ಗಂಡುಮಕ್ಕಳಿಲ್ಲದೆ ತೀರಿಕೊಂಡ ಸಹೋದರನ ಹೆಂಡತಿಗೂ ಪಾಲು ಉಂಟು ಅಂತ ಅದು ಹೇಳಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಇಂಥದ್ದು ಬಂದದ್ದು 1937ರಲ್ಲಿ. ಮಲೆನಾಡಿನ ಒಳಗಿನ ಊರಲ್ಲಿ, ಯಾರ ಎದುರಿಗೂ ಬಾರದ ಹೆಂಗಸಿಗೆ ಆ ಸುದ್ದಿ ಯಾರು ಹೇಳಿದರು? ಮೈದುನರು ಮನಸಾರೆ ಕೊಟ್ಟರೋ, ಕೇಳಿ ಪಡೆದಳೋ? ಪತ್ರದಲ್ಲಿ ಅದಿಲ್ಲ. ಎರಡು ವರ್ಷದೊಳಗೆ ಅವಳ ಪಾಲು ಅವಳ ಹೆಸರಿಗೆ ಬಂದಿತ್ತು, ಅಷ್ಟು ಇದೆ.

ಕೊಟ್ಟ ಆಸ್ತಿಯ ಚೆಕ್ಕುಬಂದಿ ಓದಿದೆ. ಮೂಡಲು ಹಳ್ಳ, ಪಡುವಲು ಗುಡ್ಡ, ತೆಂಕಲು ಮೈದುನನ ತೋಟ, ಬಡಗಲು ದಾರಿ. ನಮ್ಮ ಜಾಗವೇ. ನಡುವೆ ಒಂದು ಸಾಲು: "ಸೋಗೆ ಹೊದಿಸಿದ ಹಳೇ ಮನೆ ಒಂದು." ಹಳೆಯ ಮನೆ ಹುಡುಕುವವರು ಚೆಕ್ಕುಬಂದಿಯನ್ನು ಅವಸರದಲ್ಲಿ ದಾಟಬಾರದು. ಮನೆ ಹೇಗಿತ್ತು ಅಂತ ಹೇಳುವ ಜಾಗ ಅದೊಂದೇ.

ಅವಳ ಹೆಸರಿನಿಂದ ಸೂಚಿ ಹುಡುಕಿಸಿದಾಗ ಇನ್ನೊಂದು ಪತ್ರ ಸಿಕ್ಕಿತು. 1952ರ ದಾನಪತ್ರ. ತನ್ನ ಮೈದುನನ ಮಗನಿಗೆ, ಅಂದರೆ ನನ್ನ ಅಜ್ಜನಿಗೆ, ಎಲ್ಲವನ್ನೂ ಬರೆದುಕೊಟ್ಟಿದ್ದಳು. "ಚಿಕ್ಕಂದಿನಿಂದ ನನ್ನಲ್ಲಿ ಬೆಳೆದು ನನ್ನನ್ನು ತಾಯಿಯಂತೆ ಕಂಡು" ಅಂತ ಕಾರಣ. ಆಸ್ತಿಯ ವಿವರದಲ್ಲಿ ಈ ಸಲ ಸೋಗೆ ಇಲ್ಲ. "ನಾನು ಸ್ವಂತ ಹಣದಿಂದ ಕಟ್ಟಿಸಿದ ಮಂಗಳೂರು ಹೆಂಚಿನ ಉಪ್ಪರಿಗೆ ಮನೆ."

1935ರಲ್ಲಿ ಸೋಗೆ, 1952ರಲ್ಲಿ ಹೆಂಚು. ನಡುವೆ ಬಂದ ಧಾತು 1936ರ ಯುಗಾದಿಗೆ ಶುರುವಾದದ್ದು. ಅದರ ಮಾಘ ಮಾಸ ಅಂದರೆ 1937ರ ಫೆಬ್ರವರಿ.

ಮಾವ ನನ್ನ ಭುಜದ ಮೇಲಿನಿಂದ ಬಗ್ಗಿ ಕೊನೆಯ ಪ್ಯಾರಾ ಓದುತ್ತಿದ್ದರು. ಓದುತ್ತಾ ದನಿ ತಗ್ಗಿತು. "ನಾನು ಜೀವಂತ ಇರುವ ತನಕ ಸದರಿ ಮನೆಯ ಮೂಡಣ ಕೋಣೆಯಲ್ಲಿ ವಾಸಿಸತಕ್ಕದ್ದು. ಅದಕ್ಕೆ ಯಾರೂ ಅಡ್ಡಿ ಮಾಡಕೂಡದು." ಕೆಳಗೆ ಹೆಬ್ಬೆಟ್ಟಿನ ಗುರುತು ಅಂತ ಇರಲಿಲ್ಲ. "ರುಜು" ಅಂತ ಬರೆದು ಅವಳ ಹೆಸರಿತ್ತು.

ದೃಢೀಕೃತ ನಕಲು ಸಿಗಲು ಎರಡು ದಿನ ಆಗುತ್ತದೆ ಅಂದರು. ಮಾವ ತಾವೇ ಬಂದು ತೆಗೆದುಕೊಳ್ಳುತ್ತೇನೆ ಅಂದರು. ದಾರಿಯಲ್ಲಿ ಆಚಾರಿಯ ಮನೆ ಮುಂದೆ ಬೈಕು ನಿಲ್ಲಿಸಿ, ಗೆದ್ದಲು ಹಿಡಿದಷ್ಟು ಭಾಗಕ್ಕೆ ಮಾತ್ರ ಹೊಸ ಮರ ಜೋಡಿಸಲು ಬರುತ್ತದಾ, ಅಕ್ಷರ ಇರುವ ತೊಲೆ ಅಲ್ಲೇ ಉಳಿಯಬೇಕು ಅಂತ ಕೇಳಿದರು. ಕೆಳಗಿಂದ ಆನಿಕೆ ಕೊಟ್ಟು ಮಾಡಬಹುದು, ಖರ್ಚು ಜಾಸ್ತಿ ಅಂದ ಆಚಾರಿ. ಆಗಲಿ ಅಂದರು.

ಮನೆಗೆ ಬಂದವರೇ ಮಾವ ಅಂಗಿ ಬಿಚ್ಚಿಟ್ಟು, ಮೂಡಣ ಕೋಣೆಯಿಂದ ಅಡಿಕೆ ಚೀಲಗಳನ್ನು ಒಂದೊಂದಾಗಿ ಹೊರಗೆ ಎಳೆಯಲು ಶುರು ಮಾಡಿದರು. ನಾನೂ ಅತ್ತೆಯೂ ಕೈ ಹಾಕಿದೆವು. ಹದಿನೇಳು ಚೀಲ. ಹಿಂದಿನ ಗೋಡೆ ಕಾಣುವ ಹೊತ್ತಿಗೆ ಸಂಜೆಯಾಗಿತ್ತು. ಕಿಟಕಿಯ ಬಾಗಿಲು ಬಿಗಿದುಕೊಂಡಿತ್ತು. ಎರಡು ಸಲ ಗುದ್ದಿದ ಮೇಲೆ ತೆರೆಯಿತು. ಆಚೆ ಕೂಲಿಯವರು ಬಂದು ನಿಲ್ಲುತ್ತಿದ್ದ ಅಂಗಳ, ಅದರಾಚೆ ತೋಟ. ಕಿಟಕಿಯ ಪಕ್ಕ, ನೆಲದಲ್ಲಿ ಕೂತರೆ ಕೈಗೆಟಕುವ ಎತ್ತರದಲ್ಲಿ, ಗೋಡೆಯಲ್ಲೊಂದು ಸಣ್ಣ ಗೂಡು. ಅತ್ತೆ ಅದರೊಳಗಿನ ದೂಳು ಒರೆಸಿದರು. ಮೇಲೆ ದೀಪದ ಮಸಿ ಇನ್ನೂ ಅಂಟಿಕೊಂಡಿತ್ತು.